ಹನ್ನೊಂದನೆಯ ಗುಂಡಿ

ಹತ್ತು ಗುಂಡಿ ಇಟ್ಟಿದ್ದೆ,
ಹತ್ತು ಸಾಕು ಅಂದುಕೊಂಡಿದ್ದೆ.

ಬರೆಯುವವರ ಕೈಗೆ ಒಳಗಿನ ಗಾಲಿಯ ಎಣ್ಣೆ ಹತ್ತದಿರಲಿ ಅಂತ
ಬೀದರಿನಲ್ಲಿ, ಚೌಬಾರಾದ ಹಿಂದಿನ ಓಣಿಯಲ್ಲಿ,
ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ
ಎರಡು ಬೇಸಿಗೆ ಕೂತು ಕಟ್ಟಿದ ಚೌಕಟ್ಟು ಅದು,
ಫೋನಿನೊಳಗೆ ಹಿಡಿಯುವಷ್ಟು.

ಬಣ್ಣದ ಗುಂಡಿಗೆ ಮೊದಲು ಆರಂಕಿಯ ಗುರುತು ಇತ್ತು.
ವಿಠಾಬಾಯಿ ಕನ್ನಡಕ ಏರಿಸಿ
"ಇದೇನ ಮಹಾನಂದಾ, ಬ್ಯಾಂಕಿನ ಪಾಸ್‌ಬುಕ್ಕೇನ?" ಅಂದಳು.
ಅಂಕಿ ಅಳಿಸಿ ಬರೆದೆ:
ಕುಸುಬಿ ಹೂವು. ಹಸಿ ತೊಗರಿ. ಜಂಬಿಟ್ಟಿಗೆ.
ಬಿದರಿ ಹೂಜಿಯ ಕಪ್ಪು,
ಅದರ ಮೇಲೆ ಅಕ್ಷರ ತಾನಾಗಿ ಬೆಳ್ಳಿಯಾಗುತ್ತದೆ.

ಅಕ್ಷರದ ಗಾತ್ರಕ್ಕೆ ಸಾಸಿವೆ, ಜೋಳ, ಕಡಲೆ, ಹುಣಸೆಬೀಜ.
ಹುಣಸೆಬೀಜವೂ ಸಣ್ಣದು ಅಂದ ರಿಟೈರ್ಡ್ ಕಂಡಕ್ಟರ್ ಶರಣಯ್ಯ.
ಅವನು ಹುಮನಾಬಾದ್-ಚಿಂಚೋಳಿ ದಾರಿಯ ನಿಲ್ದಾಣಗಳನ್ನು ಬರೆಯುತ್ತಾನೆ,
ದಿನಕ್ಕೊಂದು, ಟಿಕೀಟು ಹರಿದು ಕೊಟ್ಟಂತೆ.
ಅವನ ಕಣ್ಣಿಗಾಗಿ ಬದನೆಕಾಯಿ ಸೇರಿಸಿದೆ.

ಮುರಿಯಬಹುದಾದದ್ದಕ್ಕೆಲ್ಲ ಬೀಗ ಜಡಿದಿದ್ದೆ.
"ಒತ್ತಿ ನೋಡ್ರಿ, ಏನೂ ಒಡೆಯಂಗಿಲ್ಲ"
ಎಂಬುದು ನನ್ನ ಜಂಬ.

ಖಮರುನ್ನಿಸಾ ಬಂದದ್ದು ಒಂದು ಗುರುವಾರ ಸಂಜೆ.
ಬಗಲಲ್ಲಿ ರಟ್ಟು ಹರಿದ ನೋಟ್‌ಬುಕ್ಕು,
ಅದರ ತುಂಬ ಅವಳ ಅಮ್ಮಿಯ ಒಗಟುಗಳು, ಉರ್ದುವಿನಲ್ಲಿ,
ರೊಟ್ಟಿ ಸುಡುತ್ತ ಕೇಳಿದವು, ಜಡೆ ಹಾಕಿಸಿಕೊಳ್ಳುತ್ತ ಕೇಳಿದವು.
ಮಾತಾಡದೆ ಫೋನನ್ನು ನನ್ನ ಮುಂದೆ ಹಿಡಿದಳು.
ಸಾಲುಗಳೆಲ್ಲ ಎಡಗೋಡೆಗೆ ಒರಗಿದ್ದವು,
ಆಸ್ಪತ್ರೆಯ ಪಾಳಿಯಲ್ಲಿ ನಿಂತವರಂತೆ.
ಪ್ರಶ್ನೆಚಿಹ್ನೆ ಒಗಟಿಗಿಂತ ಮುಂದೆ ಬಂದು ಕೂತಿತ್ತು,
ಕೇಳುವ ಮೊದಲೇ ಕೇಳುತ್ತ.

"ಹತ್ತೂ ಒತ್ತಿ ನೋಡ್ದೆ ಬೇಟಾ. ಬಣ್ಣ ಬದಲಾದ್ವು.
ಮನಿ ಚಂದ ಕಟ್ಟೀದಿ. ಬಾಗಲಾ ಒಂದೇ ಕಡಿ ಇಟ್ಟೀದಿ."

ಆ ರಾತ್ರಿ ಬೀಗ ತೆಗೆದೆ.
ಒಳಗೆ 'ಎಡ' ಅಂತ ಎಷ್ಟು ಕಡೆ ಬರೆದಿದ್ದೆ, ಎಣಿಸಿದೆ:
ಇನ್ನೂರ ನಲವತ್ತೇಳು.
ಒಂದನ್ನೂ ಯೋಚಿಸಿ ಬರೆದಿರಲಿಲ್ಲ.
ಒಂದೊಂದಾಗಿ ಅಳಿಸಿ
ಅಲ್ಲೆಲ್ಲ 'ಶುರು' ಅಂತ ಬರೆದೆ.

ಚೌಬಾರಾದ ಹತ್ತಿರ ದಾರಿ ಕೇಳಿದವರಿಗೆ
ಎಡ ಬಲ ಹೇಳಬೇಡ ಅನ್ನುತ್ತಿದ್ದ ಅಪ್ಪ.
ಗುಂಡನೆಯ ಗೋಪುರ, ಕೇಳುವವ ಎತ್ತ ಮುಖ ಮಾಡಿದ್ದಾನೋ.
"ಬೇವಿನ ಗಿಡದ ಕಡೆ" ಅನ್ನು, "ಹಾಲಿನ ಅಂಗಡಿ ಕಡೆ" ಅನ್ನು.

ಬೆಳಗಿನ ಹೊತ್ತಿಗೆ ಚೌಕಟ್ಟು ತಿರುಗಿತು,
ಕುಪ್ಪಸದ ಒಳಮೈ ಹೊರಗೆ ಬಂದಂತೆ.
ಮೂಲೆಯ ನವಿಲು ಕುತ್ತಿಗೆ ಹೊರಳಿಸಿತು,
ಬಾಣಗಳು ಬಂದ ದಾರಿಗೆ ಮುಖ ಮಾಡಿದವು,
ಹುಮ್ಮಸ್ಸಿನಲ್ಲಿ ನಾನು ಇಸವಿಯನ್ನೂ ಹಿಂದುಮುಂದು ಮಾಡಿದ್ದೆ.
ಖಮರುನ್ನಿಸಾ ನಕ್ಕಳು.
"ಅಂಕಿ ತಿರುವಬ್ಯಾಡ. ಲೆಕ್ಕ ನಮ್ದೂ ನಿಮ್ಹಾಂಗೇ ನಡೀತದ."

ಹನ್ನೊಂದನೆಯ ಗುಂಡಿಗೆ 'ಬಾಗಿಲು' ಅಂತ ಹೆಸರಿಟ್ಟೆ.
ವಿಠಾಬಾಯಿ ತಿಳಿಯದೆ ಒತ್ತಿ ಹೌಹಾರಿದಳು:
"ನನ್ನ ಅಕ್ಷರ ಯಾಕ ಆಚಿ ಮನಿಗೆ ಹೋಗ್ಯಾವ?"
ಮತ್ತೆ ಒತ್ತಿದಳು, ಬಂದವು.
ಆಮೇಲೆ ಸುಮ್ಮನೆ ನಾಲ್ಕು ಸಲ ಒತ್ತಿದಳು.

ಈಗ ಮೊದಲ ಒಗಟು ಬಲದಿಂದ ಹೊರಡುತ್ತದೆ:
ಕುಡಿಯುವುದು ಕತ್ತಲೆ, ನಡೆದರೆ ಹೆಜ್ಜೆ ಮಾತಾಡುತ್ತದೆ, ಯಾರು?
ಚಿಹ್ನೆ ತನ್ನ ಜಾಗದಲ್ಲಿದೆ, ಕಟ್ಟಕಡೆಗೆ, ಎಡತುದಿಗೆ.
ಉತ್ತರ ಯಾಕ ಬರ್ದಿಲ್ಲ ಅಂತ ಕೇಳಿದೆ.

"ಕಾಣಬಾರದು. ಸೋತವರು ಒತ್ತಿದ್ರ ಅಷ್ಟ ಕಾಣಬೇಕು.
ಅಂಥಾದ್ದೊಂದು ಗುಂಡಿ ಅದ ಏನು?"

ಇರಲಿಲ್ಲ.
ಬೀಗದ ಕೈ ಮೇಜಿನ ಮೇಲೆಯೇ ಇತ್ತು.